ಫೋನು 'ಅಪ್‌ಡೇಟ್' ಕೇಳಿದರೆ ಒತ್ತಬೇಕಾ, ಬೇಡವಾ?



ಕಳೆದ ಮಳೆಗಾಲದಲ್ಲಿ ನಾವು ಒಂದು ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ, ಸಾಲದ ಕಂತು ಎಲ್ಲ ಬರೆಸುವ ಹೊತ್ತಿಗೆ ನೋಡಿದರೆ ಖಜಾಂಚಿ ಬಂದಿರಲಿಲ್ಲ. "ಎರಡು ವಾರ ಆಯ್ತು ಅಕ್ಕಾ, ಮೈ ಹುಷಾರಿಲ್ವಂತೆ" ಎಂದರು. ಸಭೆ ಮುಗಿಸಿ ಆಕೆಯ ಮನೆಗೆ ಹೋದೆವು. ಮೈ ಹುಷಾರಾಗಿಯೇ ಇತ್ತು. ಮನಸ್ಸು ಮಾತ್ರ ಹುಷಾರಿರಲಿಲ್ಲ.

ಆದದ್ದು ಇಷ್ಟು. ಆ ವಾರ ಜೋರು ಮಳೆಯೆಂದು ಎಂಟು ಜನ ಸದಸ್ಯೆಯರು ಉಳಿತಾಯವನ್ನೂ ಕಂತನ್ನೂ ಫೋನಿನಲ್ಲೇ ಈಕೆಯ ಖಾತೆಗೆ ಕಳಿಸಿದ್ದರು. ಒಟ್ಟು 11,400 ರೂಪಾಯಿ. ಸೋಮವಾರ ಬ್ಯಾಂಕಿಗೆ ಕಟ್ಟುವುದು ಎಂದು ಇಟ್ಟುಕೊಂಡಿದ್ದಳು. ಶನಿವಾರ ಸಂಜೆ ವಾಟ್ಸ್‌ಆ್ಯಪ್‌ಗೆ ಒಂದು ಸಂದೇಶ ಬಂತು. ಬ್ಯಾಂಕಿನ ಗುರುತು ಇತ್ತು. "ಇವತ್ತು ರಾತ್ರಿಯೊಳಗೆ ಬ್ಯಾಂಕ್ ಆ್ಯಪ್ ಅಪ್‌ಡೇಟ್ ಮಾಡದಿದ್ದರೆ ನಿಮ್ಮ ಖಾತೆ ಬಂದ್" ಎಂದು ಬರೆದಿತ್ತು. ಕೆಳಗೆ ಒಂದು ಫೈಲು. ಸಂಘದ ಹಣ ಬೇರೆ ಖಾತೆಯಲ್ಲಿದೆ, ಬಂದ್ ಆದರೆ ಏನು ಗತಿ ಎಂದು ಗಾಬರಿಯಾಗಿ ಒತ್ತಿದಳು. ಅದು ಕೇಳಿದ್ದಕ್ಕೆಲ್ಲ 'ಸರಿ, ಸರಿ' ಎಂದಳು. ಕಾರ್ಡಿನ ನಂಬರನ್ನೂ ಹಾಕಿದಳು. ಕಾಲು ಗಂಟೆಯೊಳಗೆ ಎರಡು ಸಲವಾಗಿ ಹಣ ಪೂರ್ತಿ ಹೋಯಿತು. ಗಂಡನಿಗೂ ಹೇಳಲಿಲ್ಲ, ಸಂಘಕ್ಕೂ ಹೇಳಲಿಲ್ಲ, ಬ್ಯಾಂಕಿಗೂ ಹೇಳಲಿಲ್ಲ. ನಾಚಿಕೆಯಿಂದ ಒಂಬತ್ತು ದಿನ ಮುಚ್ಚಿಟ್ಟಿದ್ದಳು.

ನಾವು ಆಕೆಯ ಫೋನನ್ನು ಕೈಗೆ ತೆಗೆದುಕೊಂಡು ನೋಡಿದೆವು. ಅಲ್ಲಿ ಇನ್ನೊಂದು ವಿಷಯ ಕಾಣಿಸಿತು. ಫೋನಿನ ನಿಜವಾದ ಅಪ್‌ಡೇಟ್, ಅಂದರೆ ಫೋನು ಮಾಡಿದ ಕಂಪನಿಯೇ ಕಳಿಸಿದ್ದು, ವರ್ಷದಿಂದ ಹಾಗೇ ಕಾಯುತ್ತಾ ಕೂತಿತ್ತು. "ಇದನ್ನು ಯಾಕೆ ಒತ್ತಲಿಲ್ಲ?" ಎಂದು ಕೇಳಿದೆವು. "ಅದು ಒತ್ತಿದ್ರೆ ಫೋನ್ ಸ್ಲೋ ಆಗುತ್ತೆ, ಹಾಳಾಗುತ್ತೆ ಅಂತ ಎಲ್ರೂ ಹೇಳ್ತಾರಲ್ಲ ಅಕ್ಕಾ" ಎಂದಳು.

ನೋಡಿ ಸಹೋದರಿಯರೇ! ನಿಜವಾದ ಅಪ್‌ಡೇಟನ್ನು ಒಂದು ವರ್ಷ ಬಾಗಿಲ ಹೊರಗೆ ನಿಲ್ಲಿಸಿದಳು. ಸುಳ್ಳು ಅಪ್‌ಡೇಟಿಗೆ ಒಂದೇ ನಿಮಿಷದಲ್ಲಿ ಬಾಗಿಲು ತೆರೆದಳು. ಇದು ಆಕೆ ಒಬ್ಬಳ ತಪ್ಪಲ್ಲ. ನಮ್ಮಲ್ಲಿ ಬಹಳ ಜನ ಮಾಡುತ್ತಿರುವುದು ಇದನ್ನೇ. ಆದ್ದರಿಂದ ಈ ಸಂಚಿಕೆಯಲ್ಲಿ ಅಪ್‌ಡೇಟ್ ಎಂದರೇನು, ಜನ ಅದನ್ನು ದೂರುವುದರಲ್ಲಿ ಎಷ್ಟು ನಿಜ ಇದೆ, ನಿಜವಾದದ್ದನ್ನು ಗುರುತಿಸುವುದು ಹೇಗೆ ಎಂದು ವಿವರಿಸುತ್ತೇವೆ. ಸಭೆಯಲ್ಲಿ ಒಬ್ಬರು ಓದಿ, ಉಳಿದವರು ಕೇಳಿ.

ಅಪ್‌ಡೇಟ್ ಎಂದರೇನು?

ನಮ್ಮ ಕಡೆ ಹಂಚಿನ ಮನೆ ಎಲ್ಲರಿಗೂ ಗೊತ್ತು. ಮನೆ ಎಷ್ಟೇ ಚೆನ್ನಾಗಿ ಕಟ್ಟಿದರೂ ಮಳೆಗಾಲಕ್ಕೆ ಮುಂಚೆ ಒಮ್ಮೆ ಮಾಡಿಗೆ ಹತ್ತಿ ನೋಡುತ್ತೇವೆ. ಒಡೆದ ಹಂಚು ತೆಗೆದು ಬೇರೆ ಹಂಚು ಇಡುತ್ತೇವೆ. ಹಂಗೇನೇ ಫೋನು ಕೂಡ. ಫೋನಿನೊಳಗೆ ಕೆಲಸ ಮಾಡುವ ಬರಹಕ್ಕೆ ಸಾಫ್ಟ್‌ವೇರ್ ಎನ್ನುತ್ತಾರೆ. ಅದನ್ನು ಬರೆದವರೂ ಮನುಷ್ಯರೇ. ಲಕ್ಷಾಂತರ ಸಾಲು ಬರೆಯುವಾಗ ಅಲ್ಲಲ್ಲಿ ತಪ್ಪು ಉಳಿಯುತ್ತದೆ. ಆ ತಪ್ಪೇ ಒಡೆದ ಹಂಚು. ಕಳ್ಳರು ಅಲ್ಲಿಂದ ಇಳಿಯುತ್ತಾರೆ. ಕಂಪನಿಗೆ ಗೊತ್ತಾದ ಕೂಡಲೇ ಬೇರೆ ಹಂಚು ಮಾಡಿ ಎಲ್ಲ ಫೋನಿಗೂ ಕಳಿಸುತ್ತದೆ. ಅದೇ ಅಪ್‌ಡೇಟ್.

ಒಂದು ನಿಜ ಉದಾಹರಣೆ ಕೇಳಿ. 2019ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಇಂಥ ಒಂದು ತೂತು ಇರುವುದು ಹೊರಗೆ ಬಂತು. ಆ ತೂತಿನ ಮೂಲಕ ವಾಟ್ಸ್‌ಆ್ಯಪ್ ಕರೆ ಮಾಡಿಯೇ ಬೇರೆಯವರ ಫೋನಿನೊಳಗೆ ಗೂಢಚಾರಿಕೆಯ ಸಾಫ್ಟ್‌ವೇರ್ ಇಳಿಸಬಹುದಿತ್ತು. ಕರೆ ಎತ್ತಬೇಕೆಂದೂ ಇರಲಿಲ್ಲ, ಮಿಸ್ಡ್ ಕಾಲ್ ಸಾಕಿತ್ತು! ಹಲವು ದೇಶಗಳ ಸುಮಾರು 1,400 ಜನರ ಫೋನಿಗೆ ಹೀಗೆ ಗುರಿ ಇಟ್ಟಿದ್ದರು. ನಮ್ಮ ದೇಶದ ಪತ್ರಕರ್ತರೂ ಸಾಮಾಜಿಕ ಕಾರ್ಯಕರ್ತರೂ ಅದರಲ್ಲಿದ್ದರು. ಆಗ ವಾಟ್ಸ್‌ಆ್ಯಪ್ ಬಳಸುತ್ತಿದ್ದವರು ಸುಮಾರು 150 ಕೋಟಿ ಜನ. ಅಷ್ಟೂ ಜನರಿಗೆ ಕಂಪನಿ ಹೇಳಿದ್ದು ಒಂದೇ ಮಾತು – ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ.

ಹಂಚು ಬಂದರೂ ಇಡದಿದ್ದರೆ ಏನಾಗುತ್ತದೆ?

ಇದಕ್ಕೂ ಉದಾಹರಣೆ ಇದೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ ಕಂಪ್ಯೂಟರುಗಳ ಒಂದು ದೊಡ್ಡ ತೂತಿಗೆ ಅಪ್‌ಡೇಟ್ ಕಳಿಸಿತು. ಹಾಕಿಕೊಂಡವರು ಹಾಕಿಕೊಂಡರು. "ನಾಳೆ ನೋಡೋಣ" ಎಂದವರು ಲಕ್ಷಗಟ್ಟಲೆ. ಸರಿಯಾಗಿ ಎರಡು ತಿಂಗಳಾಗುವ ಹೊತ್ತಿಗೆ, ಮೇ 12ರಂದು, 'ವಾನಾಕ್ರೈ' ಎಂಬ ವೈರಸ್ ಅದೇ ತೂತಿನಿಂದ ನುಗ್ಗಿತು. 150ಕ್ಕೂ ಹೆಚ್ಚು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಬಿತ್ತು. "300 ಡಾಲರ್ ಕೊಡಿ, ಬೀಗ ತೆಗೆಯುತ್ತೇವೆ" ಎಂದು ಪರದೆಯ ಮೇಲೆ ಬರೆದು ತೋರಿಸುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಆಪರೇಷನ್ ಮುಂದಕ್ಕೆ ಹೋದವು. ನಮ್ಮ ನೆರೆಯ ಕೇರಳದಲ್ಲಿ ವಯನಾಡ್ ಮತ್ತು ಪತ್ತನಂತಿಟ್ಟ ಜಿಲ್ಲೆಗಳ ಗ್ರಾಮ ಪಂಚಾಯತ್ ಕಚೇರಿಗಳ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಗ್ರಾಮ ಪಂಚಾಯತ್ ಎಂದರೆ ನಮ್ಮ ಹಾಗೇ ಸಾಮಾನ್ಯ ಜನರ ಜಾಗ. "ನಮ್ಮಂಥವರ ಫೋನಿನಲ್ಲಿ ಏನಿದೆ ಅಂತ ಯಾರು ಬರ್ತಾರೆ?" ಎಂದು ಹೇಳುವಂತಿಲ್ಲ. ಈ ವೈರಸ್ ಬಡವ, ಶ್ರೀಮಂತ ಎಂದು ನೋಡುವುದಿಲ್ಲ. ತೆರೆದ ಬಾಗಿಲು ಮಾತ್ರ ನೋಡುತ್ತದೆ.

ಹಂಚು ಬಂದು ಅಂಗಳದಲ್ಲಿ ಬಿದ್ದಿತ್ತು. ಮಾಡಿಗೆ ಏರಿಸಿರಲಿಲ್ಲ ಅಷ್ಟೆ.

ಹಾಗಾದರೆ ಜನ ದೂರುವುದು ಸುಳ್ಳೇ?

ಅಲ್ಲ. ಇಲ್ಲಿ ನಾವು ಪ್ರಾಮಾಣಿಕವಾಗಿ ಹೇಳಬೇಕು. "ಅಪ್‌ಡೇಟ್ ಮಾಡಿದ ಮೇಲೆ ಫೋನ್ ಸ್ಲೋ ಆಯ್ತು" ಎಂಬ ಮಾತು ನಮ್ಮೂರಿನಲ್ಲಿ ಮಾತ್ರ ಅಲ್ಲ, ಪ್ರಪಂಚದ ಎಲ್ಲ ಕಡೆ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ.

ಆ್ಯಪಲ್ ಕಂಪನಿಯ ಐಫೋನ್ ಎಂದರೆ ಬಹಳ ದುಬಾರಿ ಫೋನು. ಅದನ್ನು ಕೊಂಡವರು ಹಲವು ವರ್ಷ ಇದೇ ದೂರು ಹೇಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜನ ಸುಮ್ಮನಾಗಲಿಲ್ಲ. ಹಳೇ ಬ್ಯಾಟರಿ ಇದ್ದಾಗ ಫೋನಿನ ವೇಗ ಎಷ್ಟು, ಹೊಸ ಬ್ಯಾಟರಿ ಹಾಕಿದಾಗ ಎಷ್ಟು ಎಂದು ಅಳತೆ ಮಾಡಿ ಎಲ್ಲರ ಮುಂದೆ ಇಟ್ಟರು. ಕೊನೆಗೆ 2017ರ ಡಿಸೆಂಬರಿನಲ್ಲಿ ಕಂಪನಿ ಒಪ್ಪಿಕೊಂಡಿತು. ಬ್ಯಾಟರಿ ಹಳೆಯದಾದರೆ ಫೋನು ತಟ್ಟನೆ ಆಫ್ ಆಗುತ್ತದೆ, ಅದನ್ನು ತಪ್ಪಿಸಲು ಅಪ್‌ಡೇಟ್ ಮೂಲಕ ವೇಗ ತಗ್ಗಿಸಿದ್ದು ಹೌದು ಎಂದಿತು. ಗ್ರಾಹಕರಿಗೆ ಸರಿಯಾಗಿ ತಿಳಿಸದೆ ಮಾಡಿದ್ದೇ ತಪ್ಪಾಯಿತು. ಕಂಪನಿ ಕ್ಷಮೆ ಕೇಳಿತು. 79 ಡಾಲರಿನ ಬ್ಯಾಟರಿ ಬದಲಾವಣೆಯನ್ನು 29 ಡಾಲರಿಗೆ ಇಳಿಸಿತು. 2018ರಲ್ಲಿ ಇಟಲಿ ದೇಶ ಇಂಥ ಅಪ್‌ಡೇಟುಗಳ ವಿಷಯದಲ್ಲೇ ಆ್ಯಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. 2020ರಲ್ಲಿ ಫ್ರಾನ್ಸ್ ದೇಶ ಆ್ಯಪಲ್‌ಗೆ 2.5 ಕೋಟಿ ಯೂರೋ ದಂಡ ಹಾಕಿತು.

ಇದರಿಂದ ನಾವು ಎರಡು ಪಾಠ ಕಲಿಯಬೇಕು. ಒಂದು, ಬಳಸುವವರ ದೂರಿಗೆ ಬೆಲೆ ಇದೆ. ಒಬ್ಬರು ಗೊಣಗಿದರೆ ಅದು ಗೊಣಗಾಟ. ಸಾವಿರ ಜನ ಲೆಕ್ಕ ಸಮೇತ ಹೇಳಿದರೆ ದೊಡ್ಡ ಕಂಪನಿಯೂ ತಲೆ ತಗ್ಗಿಸುತ್ತದೆ. ಸಂಘದ ಶಕ್ತಿ ಎಂದರೆ ಏನೆಂದು ನಿಮಗೆ ನಾವು ಹೇಳಿಕೊಡಬೇಕಿಲ್ಲ. ಎರಡು, ಈ ದೂರು ಹೇಳಿದವರು "ಅಪ್‌ಡೇಟೇ ಬೇಡ" ಎಂದು ಹೇಳಲಿಲ್ಲ. "ಏನು ಮಾಡುತ್ತೀರೋ ನಮಗೆ ತಿಳಿಸಿ ಮಾಡಿ" ಎಂದರು. ಹಂಚು ಹೊದಿಸುವವನು ಒಮ್ಮೆ ಕೆಲಸ ಕೆಡಿಸಿದ ಎಂದು ನಾವು ಮಾಡು ಇಲ್ಲದೆ ಮಳೆಗಾಲ ಕಳೆಯುತ್ತೇವೆಯೇ?

ಇನ್ನೊಂದು ವಿಷಯ. ಫೋನು ನಿಧಾನ ಆಗಲು ಬಹಳ ಸಲ ಕಾರಣ ಬೇರೆಯೇ ಇರುತ್ತದೆ. ಒಳಗೆ ಜಾಗ ತುಂಬಿರುತ್ತದೆ. ಗುಡ್ ಮಾರ್ನಿಂಗ್ ಚಿತ್ರ, ಮದುವೆಯ ವಿಡಿಯೋ, ಮಕ್ಕಳು ಹಾಕಿದ ಆಟ ಎಲ್ಲ ಸೇರಿ ಅಟ್ಟ ತುಂಬಿದ ಮನೆಯ ಹಾಗಾಗಿರುತ್ತದೆ. ಬೇಡದ್ದನ್ನು ಅಳಿಸಿದರೆ ಅರ್ಧ ತೊಂದರೆ ಹೋಗುತ್ತದೆ.

ನಿಜ ಯಾವುದು, ಸುಳ್ಳು ಯಾವುದು?

ಸಹೋದರಿಯರೇ, ಈ ಭಾಗವನ್ನು ಎರಡು ಸಲ ಓದಿ.

ನಿಜವಾದ ಅಪ್‌ಡೇಟ್ ಫೋನಿನ ಒಳಗಿಂದಲೇ ಬರುತ್ತದೆ. ಅದಕ್ಕೆ ಇರುವುದು ಎರಡೇ ಬಾಗಿಲು. ಮೊದಲನೆಯದು ಫೋನಿನ 'ಸೆಟ್ಟಿಂಗ್ಸ್'. ಅದರೊಳಗೆ 'ಸಾಫ್ಟ್‌ವೇರ್ ಅಪ್‌ಡೇಟ್' ಅಥವಾ 'ಸಿಸ್ಟಮ್ ಅಪ್‌ಡೇಟ್' ಎಂದು ಇರುತ್ತದೆ. ಎರಡನೆಯದು 'ಪ್ಲೇ ಸ್ಟೋರ್'. ವಾಟ್ಸ್‌ಆ್ಯಪ್, ಬ್ಯಾಂಕಿನ ಆ್ಯಪ್, ಹಣ ಕಳಿಸುವ ಆ್ಯಪ್ ಎಲ್ಲದರ ಅಪ್‌ಡೇಟ್ ಅಲ್ಲಿ ಸಿಗುತ್ತದೆ. ಐಫೋನ್ ಇದ್ದವರಿಗೆ ಪ್ಲೇ ಸ್ಟೋರ್ ಬದಲು 'ಆ್ಯಪ್ ಸ್ಟೋರ್' ಇರುತ್ತದೆ, ಅಷ್ಟೇ ವ್ಯತ್ಯಾಸ.

ಸುಳ್ಳು ಅಪ್‌ಡೇಟ್ ಹೊರಗಿಂದ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೈಲಾಗಿ, ಮೆಸೇಜಿನಲ್ಲಿ ಲಿಂಕಾಗಿ, ಕೆಲವು ಸಲ ಫೋನ್ ಕರೆಯಾಗಿ ಬರುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಚಿತ್ರವೂ ಅಲ್ಲ, ಪತ್ರವೂ ಅಲ್ಲ. ಅದು ನಿಮ್ಮ ಫೋನಿನೊಳಗೆ ಬಂದು ಕೂರುವ ಒಂದು ಆ್ಯಪ್. ಬ್ಯಾಂಕ್ ಅಪ್‌ಡೇಟ್ ಎಂದು ಮಾತ್ರ ಅಲ್ಲ, ಮದುವೆ ಕರೆಯೋಲೆ, ಗಾಡಿಯ ದಂಡದ ಚಲನ್, ಸರ್ಕಾರಿ ಯೋಜನೆಯ ಪಟ್ಟಿ ಎಂಬ ಹೆಸರಿನಲ್ಲೂ ಬರುತ್ತದೆ. ಒತ್ತಿದರೆ ಮೊದಲು ನಿಮ್ಮ ಮೆಸೇಜು ಓದಲು ಅನುಮತಿ ಕೇಳುತ್ತದೆ. ಏಕೆಂದರೆ ಬ್ಯಾಂಕಿನ ಓಟಿಪಿ ಬರುವುದು ಮೆಸೇಜಿನಲ್ಲಿ. ನೀವು ಯಾರಿಗೂ ಓಟಿಪಿ ಹೇಳದಿದ್ದರೂ ಅದು ಕದ್ದು ಓದಿ ಕಳ್ಳರಿಗೆ ಕಳಿಸುತ್ತದೆ. ನಮ್ಮ ಖಜಾಂಚಿಗೆ ಆದದ್ದು ಇದೇ. "ನಾನು ಓಟಿಪಿ ಯಾರಿಗೂ ಹೇಳಿಲ್ಲ" ಎಂದು ಆಕೆ ಅತ್ತಳು. ಆಕೆ ಹೇಳಿದ್ದು ನಿಜವೇ.

ಇನ್ನೊಂದು ಗುರುತು ಇದೆ. ನಿಜವಾದ ಅಪ್‌ಡೇಟ್ ಹಣ ಹೋಗುತ್ತದೆ ಎಂದು ಹೆದರಿಸುವುದಿಲ್ಲ. ಸುಮ್ಮನೆ ಕಾಯುತ್ತದೆ. "ಈಗ ಮಾಡ್ತೀರಾ, ರಾತ್ರಿ ಮಾಡ್ತೀರಾ?" ಎಂದು ಕೇಳುತ್ತದೆ. ಕಾರ್ಡಿನ ನಂಬರು, ಪಿನ್ನು ಕೇಳುವುದೇ ಇಲ್ಲ. ಸುಳ್ಳು ಅಪ್‌ಡೇಟ್ ಯಾವಾಗಲೂ ಅವಸರ ಮಾಡುತ್ತದೆ. "ಇವತ್ತೇ, ಈಗಲೇ, ಇಲ್ಲದಿದ್ದರೆ ಬಂದ್." ಅವಸರ ಪಡಿಸಿದರೆ ಅಲ್ಲೇ ನಿಲ್ಲಿ. ಸಂದೇಹ ಬಂದರೆ ಫೋನು ಕೆಳಗಿಟ್ಟು ಮರುದಿನ ಬ್ಯಾಂಕಿಗೇ ಹೋಗಿ ಕೇಳಿ.

ಮುನ್ನೆಚ್ಚರಿಕೆಯ ಕ್ರಮಗಳು

1. ತಿಂಗಳಿಗೆ ಒಂದು ದಿನ ಗೊತ್ತು ಮಾಡಿ. ಸಂಘದ ತಿಂಗಳ ಮೊದಲ ಸಭೆಯ ದಿನ ಎಲ್ಲರೂ ಒಟ್ಟಿಗೆ ಸೆಟ್ಟಿಂಗ್ಸ್ ಮತ್ತು ಪ್ಲೇ ಸ್ಟೋರ್ ತೆರೆದು ನೋಡಿ. ಗೊತ್ತಿಲ್ಲದವರಿಗೆ ಗೊತ್ತಿದ್ದವರು ತೋರಿಸಿಕೊಡಿ.

2. ಅಪ್‌ಡೇಟ್ ಹಾಕುವಾಗ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಇರಲಿ. ಮಧ್ಯದಲ್ಲಿ ಆಫ್ ಮಾಡಬೇಡಿ. ಫೋನಿನ ದೊಡ್ಡ ಅಪ್‌ಡೇಟಿಗೆ ಡೇಟಾ ಜಾಸ್ತಿ ಬೇಕು. ಮಗನ ಮನೆಯಲ್ಲೋ ಕಚೇರಿಯಲ್ಲೋ ವೈಫೈ ಇದ್ದರೆ ಅಲ್ಲಿ ಮಾಡಿ. ಮುಖ್ಯವಾದ ಫೋಟೋಗಳನ್ನು ಮೊದಲೇ ಬೇರೆ ಕಡೆ ಉಳಿಸಿಕೊಳ್ಳಿ.

3. ಎಲ್ಲವನ್ನೂ ಒಮ್ಮೆಲೇ ಮಾಡಲು ಆಗದಿದ್ದರೆ ಹಣಕ್ಕೆ ಸಂಬಂಧಪಟ್ಟ ಆ್ಯಪ್‌ಗಳನ್ನೂ ವಾಟ್ಸ್‌ಆ್ಯಪನ್ನೂ ಮೊದಲು ಮಾಡಿ.

4. ಸಂಘದ ಹಣ ಯಾರ ಸ್ವಂತ ಖಾತೆಗೂ ಬರಬಾರದು. ಫೋನಿನಲ್ಲಿ ಕಳಿಸುವುದಾದರೆ ನೇರವಾಗಿ ಸಂಘದ ಖಾತೆಗೇ ಕಳಿಸಿ, ಸಭೆಯಲ್ಲಿ ಪುಸ್ತಕಕ್ಕೆ ಬರೆಸಿ.

ಹೊಸ ಫೋನ್ ಕೊಳ್ಳುವಾಗ ಇದನ್ನು ಕೇಳಿ

ನಾವು ಅಂಗಡಿಯಲ್ಲಿ ಕ್ಯಾಮೆರಾ ಹೇಗಿದೆ, ಕಂತು ಎಷ್ಟು ಎಂದು ಕೇಳುತ್ತೇವೆ. ಇನ್ನು ಮುಂದೆ ಇನ್ನೊಂದು ಪ್ರಶ್ನೆ ಸೇರಿಸಿ: "ಇದಕ್ಕೆ ಎಷ್ಟು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಬರುತ್ತೆ?"

ಯಾಕೆಂದರೆ ಅಪ್‌ಡೇಟ್ ಕೊನೆಯವರೆಗೂ ಬರುವುದಿಲ್ಲ. ಕೆಲವು ವರ್ಷ ಕಳಿಸಿ ಕಂಪನಿ ನಿಲ್ಲಿಸುತ್ತದೆ. 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಹಳೇ ಫೋನುಗಳಲ್ಲಿ ವಾಟ್ಸ್‌ಆ್ಯಪ್ ನಿಂತುಹೋಯಿತು. ಕಂಪ್ಯೂಟರಿಗೂ ಹೀಗೆಯೇ. ವಿಂಡೋಸ್ 10ಕ್ಕೆ ಸಾಮಾನ್ಯವಾಗಿ ಬರುತ್ತಿದ್ದ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಒಕ್ಕೂಟದ ಕಚೇರಿಯಲ್ಲಿ ಅಂಥ ಕಂಪ್ಯೂಟರ್ ಇದ್ದರೆ ತಿಳಿದವರಿಗೆ ತೋರಿಸಿ.

ಈ ವಿಷಯದಲ್ಲಿ ಕಾಲ ನಿಧಾನವಾಗಿ ಬದಲಾಗುತ್ತಿದೆ. ಗೂಗಲ್ ಕಂಪನಿ 2023ರಲ್ಲಿ ತಂದ ಪಿಕ್ಸೆಲ್ 8 ಫೋನಿಗೂ ಸ್ಯಾಮ್‌ಸಂಗ್ 2024ರಲ್ಲಿ ತಂದ ಗ್ಯಾಲಕ್ಸಿ ಎಸ್24 ಫೋನಿಗೂ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಆದರೆ ಅವು ದುಬಾರಿ ಫೋನುಗಳು. ನಾವು ಕೊಳ್ಳುವ ಕಡಿಮೆ ಬೆಲೆಯ ಫೋನುಗಳಿಗೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ವರ್ಷ ಸಿಗುತ್ತದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಷ್ಟು ಕಾಲ ಸೆಕ್ಯೂರಿಟಿ ಅಪ್‌ಡೇಟ್ ಕೊಡುತ್ತೇವೆಂದು ಕಂಪನಿಗಳು ಮೊದಲೇ ಹೇಳಬೇಕೆಂಬ ಕಾನೂನು ಜಾರಿಗೆ ಬಂತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಫೋನಿನ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗುವಂತೆ ಮಾಡಬೇಕೆಂಬ ನಿಯಮ ಬಂತು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೊಂಡ ವಸ್ತುವಿನಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಬಿಲ್ಲು ಇಲ್ಲದೆ ಮಾತ್ರ ಏನೂ ಕೊಳ್ಳಬೇಡಿ.

ಅಪ್‌ಡೇಟ್ ನಿಂತ ಹಳೇ ಫೋನನ್ನು ಏನು ಮಾಡುವುದು? ಬಿಸಾಡಬೇಕಿಲ್ಲ. ಕರೆ ಮಾಡಲು, ರೇಡಿಯೋ ಕೇಳಲು ಇಟ್ಟುಕೊಳ್ಳಿ. ಬ್ಯಾಂಕಿನ ವ್ಯವಹಾರ ಮಾತ್ರ ಅದರಲ್ಲಿ ಬೇಡ. ಮೊಮ್ಮಕ್ಕಳಿಗೆ ಆಡಲು ಕೊಡುವ ಮೊದಲು ಹಣದ ಆ್ಯಪ್‌ಗಳನ್ನು ತೆಗೆಯಿರಿ.

ಮೋಸ ಹೋದರೆ?

ಬೆಂಕಿ ಬಿದ್ದಾಗ ಬಾವಿ ತೋಡಲು ಆಗುವುದಿಲ್ಲ, ಆದ್ದರಿಂದ ಈಗಲೇ ಗೋಡೆಗೆ ಬರೆದಿಡಿ: 1930. ಇದು ಸೈಬರ್ ವಂಚನೆಯ ಸಹಾಯವಾಣಿ. ಮೊದಲು ಮೋಸವಾದ ಫೋನಿನ ಇಂಟರ್‌ನೆಟ್ ಆಫ್ ಮಾಡಿ. ಬೇರೆ ಫೋನಿನಿಂದ 1930ಕ್ಕೂ ನಿಮ್ಮ ಬ್ಯಾಂಕಿಗೂ ಕರೆ ಮಾಡಿ, ಖಾತೆ ಮತ್ತು ಕಾರ್ಡ್ ತಡೆಹಿಡಿಯಲು ಹೇಳಿ. ಬ್ಯಾಂಕಿನಿಂದ ಬಂದ ಮೆಸೇಜುಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ನಂತರ ತಿಳಿದವರ ಕೈಯಲ್ಲಿ ಆ ಕಳ್ಳ ಆ್ಯಪನ್ನು ತೆಗೆಸಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಹಾರುತ್ತದೆ. ಮಧ್ಯದಲ್ಲಿ ತಡೆದರೆ ವಾಪಸ್ ಸಿಗುವ ಸಾಧ್ಯತೆ ಇದೆ. ಮೊದಲ ಒಂದು ಗಂಟೆ ಬಹಳ ಮುಖ್ಯ.

ನಮ್ಮ ಖಜಾಂಚಿ ಒಂಬತ್ತು ದಿನ ಕಳೆದಿದ್ದಳು. ನಾವು ಜೊತೆಗೆ ಹೋಗಿ ದೂರು ಕೊಟ್ಟೆವು. ಹಣ ಸಿಗಲಿಲ್ಲ.

ಮುಂದಿನ ಸಭೆಗೆ ಆಕೆಯನ್ನು ನಾವೇ ಕರೆದುಕೊಂಡು ಹೋದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯ ಸದಸ್ಯೆ ಹೇಳಿದರು, "ಅಂಥದ್ದೇ ಮೆಸೇಜು ನಂಗೂ ಬಂದಿತ್ತು. ಒತ್ತೋಕೆ ಬರ್ಲಿಲ್ಲ, ಅದಕ್ಕೆ ಉಳಕೊಂಡೆ." ಎಲ್ಲರೂ ನಕ್ಕರು. ಆಕೆಯೂ ಅಳುತ್ತಾ ನಕ್ಕಳು. ಅರ್ಧ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದು, ಉಳಿದರ್ಧವನ್ನು ಆಕೆ ವಾರಕ್ಕೆ 100 ರೂಪಾಯಿಯಂತೆ ಕಟ್ಟುವುದು ಎಂದು ನಿರ್ಣಯ ಪುಸ್ತಕದಲ್ಲಿ ಬರೆದರು. ಖಜಾಂಚಿಯಾಗಿ ಆಕೆಯೇ ಮುಂದುವರಿದಳು. ಈಗ ತಿಂಗಳ ಮೊದಲ ಸಭೆಯಲ್ಲಿ ಎಲ್ಲರ ಫೋನು ನೋಡುವ ಜವಾಬ್ದಾರಿ ಆಕೆಯದೇ.

ಮೋಸ ಮಾಡಿದವನು ನಾಚಬೇಕೇ ಹೊರತು ಮೋಸ ಹೋದವಳಲ್ಲ. ಕಳ್ಳನಿಗೆ ಬೇಕಾದದ್ದು ನಮ್ಮ ಗಾಬರಿ ಮತ್ತು ನಮ್ಮ ಮೌನ. ಎರಡನ್ನೂ ಕೊಡದಿರೋಣ.

ಸಭೆಯಲ್ಲಿ ಚರ್ಚಿಸಿ

1. ನಿಮ್ಮ ಫೋನಿಗೆ ಕೊನೆಯ ಸೆಕ್ಯೂರಿಟಿ ಅಪ್‌ಡೇಟ್ ಯಾವಾಗ ಬಂದಿದೆ? ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ತಾರೀಕು ಹೇಳಿ.

2. ಅಪ್‌ಡೇಟ್ ಬಗ್ಗೆ ನೀವು ಕೇಳಿದ ಮಾತುಗಳು ಯಾವುವು? ಅದರಲ್ಲಿ ಯಾವುದು ನಿಜ, ಯಾವುದು ಬರೀ ಹೆದರಿಕೆ?

3. ಸಂಘದ ಹಣ ಈಗ ಯಾರ ಖಾತೆಗೆ ಬರುತ್ತಿದೆ? ಬದಲಾಯಿಸಬೇಕೇ?

4. ನಮ್ಮಲ್ಲಿ ಯಾರಾದರೂ ಇಂಥ ವಿಷಯವನ್ನು ಮುಚ್ಚಿಟ್ಟುಕೊಂಡು ಒಬ್ಬರೇ ಕೊರಗುತ್ತಿದ್ದಾರೆಯೇ? ಅವರು ಧೈರ್ಯವಾಗಿ ಹೇಳಬೇಕಾದರೆ ಸಂಘ ಏನು ಮಾಡಬೇಕು?